ಎರಡು ಅಂಕ ಹಿಂದೆ

ಶುಕ್ರವಾರ ಹತ್ತೂವರೆಗೆ, ಕಾಫಿಯ ಹೊತ್ತಿಗೆ ಸರಿಯಾಗಿ, ವುಕಾಶಿನ್ ರಾಡ್ಮಿಲಾಳ ಮೇಜಿನ ಬಳಿ ಬಂದು ನಿಂತ. ಸೆಪ್ಟೆಂಬರ್‌ನಿಂದ ಒಂದು ವಾರವೂ ತಪ್ಪಿಸಿದವನಲ್ಲ.

"ಏನು ಬರೆದ್ರಿ?"

"ನಿಮಗ್ಯಾಕೆ ಹೇಳಬೇಕು?"

"ಕಾಪಿ ಹೊಡೀಬೇಕಲ್ಲ."

ಅವನು ತುಟಿಯ ಒಂದೇ ಪಕ್ಕದಲ್ಲಿ ನಗುತ್ತಿದ್ದ. ಆ ನಗು ಪೂರ್ತಿಯಾಗುವುದನ್ನು ನೋಡಲು ರಾಡ್ಮಿಲಾ ಒಂಬತ್ತು ತಿಂಗಳು ಕಾದಿದ್ದಳು. ಇನ್ನು ಕಾಯಲು ದಿನಗಳೇ ಉಳಿದಿರಲಿಲ್ಲ. ಸೋಮವಾರ ಅವನು ಆಸ್ಟ್ರಿಯಾದ ಲಿಂಟ್ಸ್ ಬಂದರಿಗೆ ವರ್ಗವಾಗಿ ಹೊರಡುತ್ತಿದ್ದ. ಎರಡು ವರ್ಷಕ್ಕೆ.

ಸ್ಮೆದೆರೆವೊ ಊರಿನ ಆ ನದಿ ಸಾಗಣೆ ಕಚೇರಿಯಲ್ಲಿ ಫುಟ್‌ಬಾಲ್ ಪಂಥಕ್ಕೆ ದುಡ್ಡು ಕಟ್ಟುವ ಪದ್ಧತಿಯಿಲ್ಲ. ವಾರಕ್ಕೊಂದು ಪಂದ್ಯದ ಸ್ಕೋರ್ ಬರೆದು ಲಕೋಟೆಗೆ ಹಾಕಬೇಕು. ಸ್ಕೋರ್ ಕರಾರುವಾಕ್ಕಾಗಿದ್ದರೆ ಮೂರು ಅಂಕ, ಗೆದ್ದವರು ಯಾರೆಂಬುದಷ್ಟೇ ಸರಿಯಾದರೆ ಒಂದು. ಲೀಗ್ ಮುಗಿದ ಭಾನುವಾರ ಎಲ್ಲರೂ ಡ್ಯಾನ್ಯೂಬ್ ನಡುವಿನ ದ್ವೀಪಕ್ಕೆ ಮೀನು ಸಾರಿನ ಊಟಕ್ಕೆ ಹೋಗುತ್ತಾರೆ. ನಲವತ್ತು ಜನ, ಪಾತ್ರೆ ಪಡಗ, ಈರುಳ್ಳಿ ಚೀಲ ಎಲ್ಲ ದೊಡ್ಡ ಲಾಂಚಿನಲ್ಲಿ. ಮೊದಲ ಸ್ಥಾನದವರಿಗೆ ಮಾತ್ರ ಚಿಕ್ಕ ದೋಣಿ. ಹುಟ್ಟು ಹಾಕಬೇಕಾದವರು ಎರಡನೇ ಸ್ಥಾನದವರು. ಒಂದು ಗಂಟೆಯ ದಾರಿ, ಇಬ್ಬರೇ.

ರಾಡ್ಮಿಲಾಗೆ ಬೇಕಿದ್ದದ್ದು ಆ ಒಂದು ಗಂಟೆ. ಕಚೇರಿಯಲ್ಲಿ ಬಾಯಿಗೆ ಬಾರದ ಮಾತು ನೀರಿನ ಮೇಲಾದರೂ ಬಂದೀತು ಎಂದು ನಂಬಿಕೊಂಡಿದ್ದಳು. ಪಟ್ಟಿಯಲ್ಲಿ ಅವಳೇ ಮೊದಲು. ಎರಡು ಅಂಕ ಹಿಂದೆ ವುಕಾಶಿನ್. ಅವನಿಗಿಂತ ಎರಡು ಅಂಕ ಹಿಂದೆ ಚೆಡೊಮಿರ್, ಕ್ರೇನ್ ವಿಭಾಗದ ಅರವತ್ತರ ಮನುಷ್ಯ, ಎಲ್ಲರ ಪಾಲಿನ ಚೆಡಾ ಮಾಮ. ಕೊನೆಯ ಪಂದ್ಯದಲ್ಲಿ ಚೆಡಾ ಮಾಮನಿಗೆ ಮೂರು ಸಿಕ್ಕಿ ವುಕಾಶಿನ್‌ಗೆ ಸೊನ್ನೆ ಬಂದರೆ ದೋಣಿಗೆ ಮುದುಕ ಬರುತ್ತಾನೆ.

ಲೆಕ್ಕದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಮುಂದಿರುವವನು ಹಿಂದಿನವನ ಹಾಗೇ ಬರೆದರೆ ಅಂತರ ಉಳಿಯುತ್ತದೆ. ಹಿಂದಿರುವವನು ಬೇರೆ ಬರೆದರಷ್ಟೇ ದಾಟಬಲ್ಲ. ಇಷ್ಟು ಗೊತ್ತಿದ್ದೂ ವುಕಾಶಿನ್ ಹಿಂದಿದ್ದುಕೊಂಡೇ ಅವಳದನ್ನು ನಕಲು ಮಾಡುತ್ತಿದ್ದ. ಹಾಗಾಗಿ ಫೆಬ್ರವರಿಯಲ್ಲಿ ಒಮ್ಮೆ ತಪ್ಪಾಗಿ ಬರೆದುಕೊಂಡಾಗಿನಿಂದ ಎರಡೇ ಅಂಕ ಹಿಂದೆ, ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ಪೆದ್ದುತನವೋ ಕೀಟಲೆಯೋ ಅವಳಿಗೆ ತಿಳಿಯದು.

ಕೊನೆಯ ಪಂದ್ಯ ಊರಿನ ಕ್ಲಬ್ಬಿನದು. ಎದುರಾಳಿ ಕಡೆಯ ಸ್ಥಾನದ ತಂಡ. ಊರಿನವರೇ ಗೆಲ್ಲುತ್ತಾರೆಂದು ಎಲ್ಲರೂ ಬರೆಯುತ್ತಾರೆ. ಹಾಗಿದ್ದರೆ ದಾಟಬೇಕೆಂದಿರುವ ಚೆಡಾ ಮಾಮ ತಿರುಗುಮುರುಗು ಬರೆಯಲೇಬೇಕು: ಸೊನ್ನೆ-ಒಂದು. ವುಕಾಶಿನ್ ಕೂಡ ಅದನ್ನೇ ಬರೆದುಬಿಟ್ಟರೆ, ಪಂದ್ಯ ಏನಾದರೂ ಆಗಲಿ, ಮುದುಕ ಅವನನ್ನು ದಾಟಲಾರ.

"ಸೊನ್ನೆ-ಒಂದು," ಎಂದಳು ರಾಡ್ಮಿಲಾ. "ಎದುರಾಳಿ ಗೆಲ್ತಾರೆ."

ಅವಳ ಲಕೋಟೆಯಲ್ಲಿ ಇದ್ದದ್ದು ಒಂದು-ಸೊನ್ನೆ.

ಅವನು ಒಂದು ಕ್ಷಣ ಅವಳ ಕಣ್ಣನ್ನೇ ನೋಡಿದ. ಅರ್ಧ ನಗು ಅಳಿಸಿಹೋಯಿತು.

"ಖಂಡಿತಾನಾ?"

"ಖಂಡಿತ."

"ಸರಿ," ಎಂದು ಅಲ್ಲೇ ನಿಂತು ಬರೆದು, ಕಾಫಿ ಕುಡಿಯದೆ ಹೊರಟುಹೋದ.

ಶನಿವಾರ ಊರಿನ ಕ್ಲಬ್ಬು ಎರಡು-ಸೊನ್ನೆಯಿಂದ ಗೆದ್ದಿತು.

ಭಾನುವಾರ ಬೆಳಿಗ್ಗೆ ದೋಣಿಕಟ್ಟೆಯ ಮೇಲೆ, ಪದ್ಧತಿಯಂತೆ ಎಲ್ಲರ ಮುಂದೆ, ರಾಡ್ಮಿಲಾ ಲಕೋಟೆಗಳನ್ನು ಒಡೆದಳು. ವುಕಾಶಿನ್: ಸೊನ್ನೆ-ಒಂದು. ಜನ ಗೊಳ್ಳೆಂದು ನಕ್ಕರು. ಚೆಡೊಮಿರ್: ಎರಡು-ಸೊನ್ನೆ.

ಮೂರು ಅಂಕ. ಎರಡನೇ ಸ್ಥಾನ ಮುದುಕನದಾಯಿತು.

"ಚೆಡಾ ಮಾಮ, ನೀವು ಹಿಂದಿದ್ರಿ! ಬೇರೆ ಬರೀಬೇಕಿತ್ತು!"

"ನಮ್ಮೂರಿನ ಕ್ಲಬ್ ಸೋಲುತ್ತೆ ಅಂತ ಬರೀಲಾ?" ಮುದುಕನಿಗೆ ನಿಜಕ್ಕೂ ನೋವಾಗಿತ್ತು. "ನಮ್ಮಪ್ಪನ್ನ ಹೂತಾಗ ಪೆಟ್ಟಿಗೆ ಮೇಲೆ ಆ ಕ್ಲಬ್ಬಿನ ಬಾವುಟ ಹೊದಿಸಿದ್ವಿ. ನಿನ್ನ ಲೆಕ್ಕ ಬೆಂಕಿಗೆ ಬೀಳಲಿ!"

ಕಚೇರಿಗೆಲ್ಲ ಗೊತ್ತಿದ್ದ ಸಂಗತಿ. ಲೆಕ್ಕದಲ್ಲಿ ಮುಳುಗಿದವಳಿಗೆ ಮನುಷ್ಯನೇ ಮರೆತುಹೋಗಿದ್ದ. ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದಿದ್ದಳು, ಜೊತೆಗೆ ಅವನನ್ನೂ ತಳ್ಳಿದ್ದಳು. ವುಕಾಶಿನ್ ಈರುಳ್ಳಿ ಚೀಲ ಹೆಗಲಿಗೇರಿಸಿಕೊಂಡು ಲಾಂಚ್ ಹತ್ತಿದ. ಅವಳತ್ತ ತಿರುಗಿಯೂ ನೋಡಲಿಲ್ಲ.

"ಬಾರಮ್ಮಾ ಚಾಂಪಿಯನ್ನು!" ಚೆಡಾ ಮಾಮ ಹುಟ್ಟು ಹಿಡಿದು ದೋಣಿಯಲ್ಲಿ ಕೂತಾಗಿತ್ತು. "ಹನ್ನೊಂದು ವರ್ಷದಿಂದ ಈ ದೋಣಿಗೆ ಕಾದಿದ್ದೀನಿ."

ಅವಳು ಒಂದು ಕಾಲನ್ನು ದೋಣಿಯೊಳಗಿಟ್ಟಳು. ಲಾಂಚಿನ ಎಂಜಿನ್ ಗುಡುಗಿತು, ಹಗ್ಗ ಬಿಚ್ಚುತ್ತಿದ್ದರು. ನಾಳೆ ಈ ಹೊತ್ತಿಗೆ ಅವನು ಊರು ಬಿಟ್ಟಿರುತ್ತಾನೆ. ಆಮೇಲೆ ಶುಕ್ರವಾರಗಳು ಬರುತ್ತವೆ, ಹತ್ತೂವರೆಯೂ ಆಗುತ್ತದೆ, ಮೇಜಿನ ಬಳಿ ಯಾರೂ ಇರುವುದಿಲ್ಲ.

ಇಟ್ಟ ಕಾಲನ್ನು ತೆಗೆದು ಓಡಿದಳು. ಕಟ್ಟೆಗೂ ಲಾಂಚಿಗೂ ನಡುವೆ ಆಗಲೇ ಒಂದು ಗಜ ನೀರು. ಹಾರಿಬಿಟ್ಟಳು. ಯಾರೋ ತೋಳು ಹಿಡಿದೆಳೆದುಕೊಂಡರು.

"ಲೇ! ಚಾಂಪಿಯನ್ನೇ ಇಲ್ದೆ ನಾನು ಯಾರನ್ನ ಕೂರಿಸ್ಕೊಂಡು ಹೋಗ್ಲಿ?" ಹಿಂದಿನಿಂದ ಚೆಡಾ ಮಾಮ ಅರಚುತ್ತಿದ್ದ.

ವುಕಾಶಿನ್ ಈರುಳ್ಳಿ ಚೀಲದ ಪಕ್ಕ ಕೂತಿದ್ದ. ಅವಳು ಏದುಸಿರು ಬಿಡುತ್ತ ಅವನೆದುರು ನಿಂತಳು. ಸುತ್ತ ನಲವತ್ತು ಜನ, ಎಂಬತ್ತು ಕಿವಿ.

"ನಾನು ನಿಮಗೆ ಸುಳ್ಳು ಹೇಳಿದೆ."

"ಗೊತ್ತಿತ್ತು. ಆ ತಂಡ ಈ ವರ್ಷ ಬೇರೆ ಊರಲ್ಲಿ ಒಂದೂ ಪಂದ್ಯ ಗೆದ್ದಿಲ್ಲ ಅಂತ ಕಚೇರಿಯಲ್ಲೆಲ್ಲ ಹೇಳ್ತಿದ್ರು. ನೀವು ಹಾಗೆ ಬರೆಯೋರಲ್ಲ."

"ಗೊತ್ತಿದ್ದೂ ಯಾಕೆ ಬರೆದ್ರಿ?"

ಅವನು ನೀರಿನ ಕಡೆ ನೋಡಿದ. "ನನ್ನ ಜೊತೆ ದೋಣಿಯಲ್ಲಿ ಕೂರೋದು ನಿಮಗೆ ಇಷ್ಟ ಇಲ್ಲ ಅಂದ್ಕೊಂಡೆ. ನಾನು ಸೋಲಲಿ ಅಂತ ಹೇಳಿದ್ರಿ ಅಂದ್ಕೊಂಡೆ. ಅದಕ್ಕೇ ಸೋತೆ."

"ಅಯ್ಯೋ ದೇವರೇ!" ರಾಡ್ಮಿಲಾಳ ಕಣ್ಣಿಂದ ನೀರು ಧುಮುಕಿತು. "ನೀನು ದೋಣಿಯಲ್ಲಿ ಇರಲಿ ಅಂತಾನೇ ಕಣೋ ಹಾಗೆ ಹೇಳಿದ್ದು! ಮುದುಕ ಅದನ್ನೇ ಬರೀತಾನೆ ಅಂತ ಲೆಕ್ಕ ಹಾಕಿದ್ದೆ. ವರ್ಷವೆಲ್ಲ ನಾನು ಆಡಿದ್ದು ಆ ಒಂದು ಗಂಟೆಗೆ. ನಿನ್ನ ಬಿಟ್ಟು ನನಗೆ ಆಗಲ್ಲ. ಇಷ್ಟೇ ಹೇಳಬೇಕಿತ್ತು."

ಪಾತ್ರೆ ಹಿಡಿದವರು ಪಾತ್ರೆ ಕೆಳಗಿಟ್ಟರು. ಎಂಜಿನ್ನಿನವನು ವೇಗ ತಗ್ಗಿಸಿದ, ಕೇಳಿಸಲೆಂದು.

"ನಾನು ಯಾಕೆ ಕಾಪಿ ಹೊಡೀತಿದ್ದೆ ಗೊತ್ತಾ?" ಎಂದ ವುಕಾಶಿನ್. "ಫುಟ್‌ಬಾಲ್ ನನಗೆ ಏನೂ ಗೊತ್ತಿಲ್ಲ ರಾಡ್ಮಿಲಾ. ಕೇಳೋ ನೆಪದಲ್ಲಿ ನಿನ್ನ ಹತ್ರ ಬರ್ತಿದ್ದೆ. ವಾರಕ್ಕೆ ಎರಡು ನಿಮಿಷ. ಅದೂ ನಾಳೆಗೆ ಮುಗೀತು."

ಅವಳು ಅವನ ಪಕ್ಕ ಈರುಳ್ಳಿ ಚೀಲದ ಮೇಲೇ ಕುಸಿದು ಕೂತಳು. ಅವನ ಕೈ ಅವಳ ಕೈಯನ್ನು ಹುಡುಕಿತು. ಒಂಬತ್ತು ತಿಂಗಳಲ್ಲಿ ಕೈ ಸೋಕಿದ್ದು ಇದೇ ಮೊದಲು. ಎಷ್ಟೊಂದು ಶುಕ್ರವಾರಗಳನ್ನು ಹಾಳುಮಾಡಿಕೊಂಡೆವಲ್ಲ ಎಂದುಕೊಂಡಳು. ಹಿಂದೆ ಚೆಡಾ ಮಾಮ ಖಾಲಿ ದೋಣಿಗೆ ಹುಟ್ಟು ಹಾಕುತ್ತ, ಬೈಯುತ್ತ ಬರುತ್ತಿದ್ದ.

"ಹೋಗ್ಲೇಬೇಕಾ?"

"ಹೋಗ್ಲೇಬೇಕು. ಸಹಿ ಹಾಕಿ ಆಗಿದೆ." ಅವನು ಅವಳ ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಂಡ. "ಶುಕ್ರವಾರ ಹತ್ತೂವರೆಗೆ ಫೋನ್ ಮಾಡ್ತೀನಿ. ಏನು ಬರೆದೆ ಅಂತ ಕೇಳ್ತೀನಿ."

"ಲೀಗ್ ಮುಗೀತಲ್ಲೋ. ಆಗಸ್ಟ್‌ವರೆಗೂ ಪಂದ್ಯವೇ ಇಲ್ಲ."

"ಇಲ್ದಿದ್ರೂ ಕೇಳ್ತೀನಿ," ಎಂದ ಅವನು. ಆಗ ಆ ನಗು ಪೂರ್ತಿಯಾಯಿತು. ಅದನ್ನು ಸರಿಯಾಗಿ ನೋಡಲು ಅವಳು ಕಣ್ಣೊರೆಸಿಕೊಳ್ಳಬೇಕಾಯಿತು.