ಕಾಲರಿನ ಬಲಗಡೆ

"ಛೀ! ಮುಟ್ಟೋಕೂ ಮನಸ್ಸಾಗ್ತಿಲ್ಲ."

ಬಸ್ ಡ್ರೈವರನ ತಿಳಿನೀಲಿ ಶರ್ಟನ್ನು ಅವಳು ಎರಡು ಬೆರಳ ತುದಿಯಲ್ಲಿ ಎತ್ತಿ ಹಿಡಿದಿದ್ದಳು. ಕಾಲರಿನ ಬಲಗಡೆ, ಕಿವಿ ತಾಗುವಲ್ಲಿ, ಕಂದುಗೆಂಪು ಕಲೆ. ಹೋದ ವಾರವೂ ಇತ್ತು, ಅದರ ಹಿಂದಿನ ವಾರವೂ ಇತ್ತು. ಪ್ರತಿ ಸಲ ತಣ್ಣೀರಲ್ಲಿ ನೆನೆದು ಸದ್ದಿಲ್ಲದೆ ಹೋಗುತ್ತಿತ್ತು.

ಲಾಂಡ್ರಿ ನಡೆಸುವವಳಿಗೆ ಮನುಷ್ಯರ ಬಗ್ಗೆ ಹೆಚ್ಚು ಭ್ರಮೆ ಇರುವುದಿಲ್ಲ. ಸೆಂಟ್ ಹಾಕಿಕೊಂಡು ಬರುವವರ ಬನಿಯನ್ ಎಂಥ ವಾಸನೆ ಹೊಡೆಯುತ್ತದೆ, ಜೇಬಿನ ಮೂಲೆಯಲ್ಲಿ ಸಿಂಬಳದ ಕರವಸ್ತ್ರ ಹೇಗೆ ಗಟ್ಟಿಯಾಗಿ ಕೂತಿರುತ್ತದೆ, ದಿಂಬಿನ ಕವರಿನ ಮೇಲೆ ಜೊಲ್ಲು ಯಾವ ಯಾವ ದೇಶದ ನಕ್ಷೆ ಬರೆಯುತ್ತದೆ, ಎಲ್ಲ ಅವಳು ಕಂಡವಳೇ. ಮದುವೆ ಮಾತೆತ್ತಿದವರಿಗೆ, "ಗಂಡಸರ ಬಟ್ಟೆ ಒಗೆದವಳಿಗೆ ಗಂಡಸು ಬೇಕು ಅನ್ಸಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಈ ಡ್ರೈವರ್ ಮಾತ್ರ ಬಟ್ಟೆ ಮಡಚಿ ತರುತ್ತಿದ್ದ. ಕೌಂಟರಿನ ಮೇಲೆ ಚೀಲ ಇಟ್ಟು, "ಮೇಡಂ, ಈ ಸಲ ಬೈಯೋಕೆ ಏನೂ ಸಿಗಲ್ಲ ನಿಮಗೆ" ಎಂದು ಕಣ್ಣಲ್ಲೇ ನಗುತ್ತಿದ್ದ. ಅವನು ಹೋದ ಮೇಲೆ ಇಸ್ತ್ರಿಪೆಟ್ಟಿಗೆ ಒಂದೇ ಕಡೆ ನಿಂತುಬಿಡುತ್ತಿತ್ತು. ಬಟ್ಟೆ ಸುಟ್ಟ ಕಮಟು ವಾಸನೆ ಬಂದಾಗಲೇ ಅವಳಿಗೆ ಎಚ್ಚರ.

ಇಸ್ತ್ರಿ ಮೇಜಿನ ಆಚೆ ಗುಂಡಿ ಹೊಲಿಯುತ್ತಿದ್ದ ಚಿಕ್ಕಮ್ಮ ಕಲೆ ನೋಡಿ ಕನ್ನಡಕ ಸರಿಮಾಡಿಕೊಂಡರು.

"ಲಿಪ್‌ಸ್ಟಿಕ್ ಕಣೇ ಅದು. ಯಾವಳೋ ವಾರ ವಾರ ಅವನ ಹೆಗಲ ಮೇಲೆ ಮುಖ ಒರೆಸ್ತಿದ್ದಾಳೆ. ನೀನು ತೊಳೆದು ಕೊಡ್ತಿದ್ದೀಯ!"

ಅವಳು ಶರ್ಟನ್ನು ಬಕೆಟ್ಟಿಗೆ ಎಸೆದಳು. ಲಿಪ್‌ಸ್ಟಿಕ್ ಅಂದರೆ ಜಿಡ್ಡು, ಜಿಡ್ಡಿಗೆ ಬಿಸಿನೀರು. ಕುದಿಯುವ ನೀರು ಸುರಿದು, ಸೋಪು ತಿಕ್ಕಿ, ಆ ಕಾಣದ ಹೆಂಗಸಿನ ಮೂತಿಯನ್ನೇ ಉಜ್ಜಿದ ಹಾಗೆ ಬ್ರಷ್ ಉಜ್ಜಿದಳು.

ಕಲೆ ಕರಗಲಿಲ್ಲ. ಕಪ್ಪಾಗಿ ನೂಲಿಗೇ ಕಚ್ಚಿಕೊಂಡಿತು.

ಅವಳ ಕೈ ನಿಂತಿತು. ತಣ್ಣೀರಿಗೆ ಬಿಟ್ಟು, ಬಿಸಿಗೆ ಕಚ್ಚಿಕೊಳ್ಳೋದು ಲಿಪ್‌ಸ್ಟಿಕ್ ಅಲ್ಲ. ರಕ್ತ. ಹೊಟ್ಟೆಕಿಚ್ಚಿನಲ್ಲಿ ಇಷ್ಟು ಸಣ್ಣ ವಿಷಯ ಮರೆತುಹೋಗಿತ್ತು.

ಸಂಜೆ ಅವನು ಇನ್ನೊಂದು ಚೀಲ ಬಟ್ಟೆ ತಂದಾಗ ಅವಳು ಅದನ್ನು ತೆಗೆದುಕೊಳ್ಳಲೇ ಇಲ್ಲ.

"ಬಲಗಿವಿ ತೋರ್ಸಿ."

"ಯಾಕೆ, ಹಿಂಡ್ತೀರಾ?"

"ತೋರ್ಸಿ ಅಂದ್ನಲ್ಲ."

ಅವನು ನಾಚಿಕೊಂಡೇ ತಿರುಗಿದ. ಕಿವಿಯ ಅಂಚಿನಲ್ಲಿ ಬಟಾಣಿಯಷ್ಟು ಹುಣ್ಣು. ಸುತ್ತ ಮೇಣ ಬಳಿದಂತೆ ಹೊಳೆಯುವ ದಿಣ್ಣೆ, ನಡುವೆ ಅರ್ಧ ಕಿತ್ತ ಹಕ್ಕಳೆ, ಅದರಡಿ ಒಸರುವ ತೇವ. ಮೇಲೆ ಬೆಳ್ಳಗೆ ಏನೋ ಒಣಗಿತ್ತು. ಅವಳಿಗೆ ಬಾಯಲ್ಲಿ ನೀರೂರಿ ವಾಂತಿ ಬರುವಂತಾಯಿತು.

"ಇದೇನ್ರೀ ಬಿಳೀದು?"

"ಟೂತ್‌ಪೇಸ್ಟ್. ಒಣಗ್ಲಿ ಅಂತ."

"ಯಾಕೆ, ಹುಣ್ಣಿಗೆ ಹಲ್ಲು ಬಂದಿದ್ಯಾ? ಯಾವಾಗಿಂದ ಇದೆ ಇದು?"

"ಶೇವ್ ಮಾಡೋವಾಗ ತಾಗಿರ್ಬೇಕು. ಬೇಸಿಗೇಲಿ."

"ಈಗ ಚಳಿಗಾಲ!"

"ಮಾಯುತ್ತೆ ಮೇಡಂ, ಮತ್ತೆ ಒಡೆಯುತ್ತೆ. ತುರಿಸಿದಾಗ ಕೀಳ್ತೀನಿ. ಅಷ್ಟೊಂದು ರಕ್ತ ಬಂದಿದ್ರೆ ಶರ್ಟಲ್ಲಿ ಕಾಣ್ತಿರ್ಲಿಲ್ವಾ? ನನ್ನ ಶರ್ಟ್ ಯಾವಾಗ್ಲೂ ಚೊಕ್ಕ."

ವಾರ ವಾರ ಚೊಕ್ಕ ಮಾಡಿದವಳು ಅವಳೇ.

"ಡಾಕ್ಟರಿಗೆ ತೋರ್ಸೋವರೆಗೂ ನಿಮ್ಮ ಒಂದು ಕರವಸ್ತ್ರಾನೂ ಒಗೆಯಲ್ಲ. ನಾರ್ತಾ ಇರಿ."

"ಒಂದು ಗುಳ್ಳೆಗೆ ಇಷ್ಟೊಂದಾ? ನನ್ನ ಕಂಡ್ರೆ ಅಸಹ್ಯ ಆಗ್ತಿದೆ ಅಂತ ನೇರ ಹೇಳಿ." ಅವನು ಚೀಲ ಎತ್ತಿಕೊಂಡು ನಡೆದುಬಿಟ್ಟ.

ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರ ಅವಳೇ ಅಂಗಡಿಯನ್ನು ಚಿಕ್ಕಮ್ಮನಿಗೆ ಬಿಟ್ಟು, ಅವನ ಬಸ್ಸು ಹತ್ತಿ, ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತಳು. ಸೀಟಿಗೆ ಯಾರದೋ ತಲೆಎಣ್ಣೆ ಮೆತ್ತಿತ್ತು. ಕಿಟಕಿಯ ಕೆಳಗೆ ಯಾರೋ ಕಕ್ಕಿದ್ದು ಒಣಗಿತ್ತು. ಸೆರಗು ಮೂಗಿಗೆ ಒತ್ತಿಕೊಂಡು ಎದುರಿನ ಆ ಕಿವಿಯನ್ನೇ ನೋಡುತ್ತ ಕೂತಳು.

ದಾರಿಯುದ್ದಕ್ಕೂ ಮಧ್ಯಾಹ್ನದ ಬಿಸಿಲು ಬಲಗಡೆಯ ತೆರೆದ ಕಿಟಕಿಯಿಂದ ನೇರ ಅದರ ಮೇಲೇ ಬೀಳುತ್ತಿತ್ತು. ಎಡಗಿವಿ ನೆರಳಲ್ಲಿ ಮಗುವಿನ ಕಿವಿಯಂತೆ ನುಣ್ಣಗಿತ್ತು. ಕತ್ತಿನ ಬಲಭಾಗ ಹಳೇ ಚೀಲದಂತೆ ಸುಕ್ಕುಗಟ್ಟಿತ್ತು. ಎಷ್ಟು ವರ್ಷ ಈ ಕಿಟಕಿಯ ಪಕ್ಕ ಕೂತಿದ್ದಾನೋ.

ಕನ್ನಡಿಯಲ್ಲಿ ಅವನ ಕಣ್ಣು ಸಿಕ್ಕಿತು. ತಪ್ಪಿಸಿಕೊಂಡಿತು. ಮತ್ತೆ ಸಿಕ್ಕಿತು.

ಕೊನೇ ನಿಲ್ದಾಣದಲ್ಲಿ ಎಲ್ಲರೂ ಇಳಿದರೂ ಅವಳು ಏಳಲಿಲ್ಲ.

"ಮೇಡಂ, ಬಸ್ಸು ಮುಂದೆ ಹೋಗಲ್ಲ."

"ನೀವು ಆಸ್ಪತ್ರೆಗೆ ಹೋಗೋವರೆಗೂ ನಾನೂ ಎಲ್ಲಿಗೂ ಹೋಗಲ್ಲ. ದಾರಿಯುದ್ದಕ್ಕೂ ಬಿಸಿಲು ಆ ಕಿವೀನೇ ಸುಡ್ತಿತ್ತು."

"ನಮ್ಮಂಥ ಕಪ್ಪು ಚರ್ಮಕ್ಕೆ ಬಿಸಿಲು ಏನ್ರೀ ಮಾಡುತ್ತೆ?"

"ಅದನ್ನ ಡಾಕ್ಟರ್ ಹೇಳ್ಲಿ. ಏನೂ ಇಲ್ಲ ಅಂದ್ರೆ ಜೀವಮಾನ ಪೂರ್ತಿ ಬಿಟ್ಟಿ ಒಗೆದು ಕೊಡ್ತೀನಿ."

ಚರ್ಮದ ಡಾಕ್ಟರಮ್ಮ ಭೂತಗನ್ನಡಿ ಇಟ್ಟು ಬಹಳ ಹೊತ್ತು ನೋಡಿದರು. "ಚರ್ಮದ ಕ್ಯಾನ್ಸರ್ ಕಪ್ಪು ಚರ್ಮಕ್ಕೆ ಅಪರೂಪ, ಬರೋದೇ ಇಲ್ಲ ಅಂತಲ್ಲ. ಬರಲ್ಲ ಅಂದ್ಕೊಂಡೇ ಜನ ತಡ ಮಾಡ್ತಾರೆ. ತಿಂಗಳಾದ್ರೂ ಮಾಯದ ಹುಣ್ಣು, ಬೆಳೆಯೋ ಅಥವಾ ಬಣ್ಣ ಬದಲಾಯಿಸೋ ಮಚ್ಚೆ, ಪಾದದಲ್ಲಿದ್ರೂ ಸರಿ, ಉಗುರಿನ ಕೆಳಗಿದ್ರೂ ಸರಿ, ತೋರಿಸ್ಬೇಕು. ಕೀಳ್ಬಾರ್ದು." ಚೂರು ತೆಗೆದು ಪರೀಕ್ಷೆಗೆ ಕಳಿಸಿದರು.

ಕ್ಯಾನ್ಸರೇ ಆಗಿತ್ತು. ಬೇರೆಲ್ಲೂ ಹರಡಿರಲಿಲ್ಲ. ಕಿವಿಯ ಅಂಚನ್ನು ಕತ್ತರಿಸಿ ತೆಗೆದರು. ಇನ್ನು ಮೇಲೆ ಉದ್ದ ತೋಳಿನ ಶರ್ಟು, ಕಿವಿ ಮುಚ್ಚುವ ಟೋಪಿ, ಸನ್‌ಸ್ಕ್ರೀನ್, ಆಗಾಗ ತಪಾಸಣೆ ಎಂದು ತಾಕೀತು ಮಾಡಿ ಕಳಿಸಿದರು.

ಹೊಲಿಗೆ ಬಿಚ್ಚುವ ಮುಂಚೆ ಅವಳು ಅವನ ಕೋಣೆಗೆ ಹೋದಳು. ಬ್ಯಾಂಡೇಜಿನ ಕಡೆ ಕಾಣದಂತೆ ಅವನು ಗೋಡೆಗೆ ಒತ್ತಿ ಕೂತಿದ್ದ. ಔಷಧ, ಬೆವರು, ಹಳಸಿದ ಗಾಯದ ಪಟ್ಟಿ, ಎಲ್ಲ ಸೇರಿದ ವಾಸನೆ.

"ಡ್ರೆಸ್ಸಿಂಗ್ ಬದಲಾಯಿಸಿಲ್ವಾ?"

"ನಂಗೆ ಕಾಣಲ್ಲ, ಒಬ್ನೇ ಪಟ್ಟಿ ಕಟ್ಟೋಕೂ ಆಗಲ್ಲ. ನರ್ಸ್ ಹತ್ರ ಹೋಗ್ತೀನಿ. ನೀವು ಹೊರಡಿ."

"ಯಾಕೆ?"

"ಇಲಿ ಕಡಿದ ಹಾಗಿದೆ ಕಿವಿ. ನಿಜ ಹೇಳಿ, ಅಸಹ್ಯ ಆಗಲ್ವಾ?"

ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಆಗುತ್ತೆ. ಹೊಟ್ಟೆ ತೊಳಸುತ್ತೆ."

ಅವನ ಮುಖ ಬಾಡಿತು.

"ಆದ್ರೆ ಇನ್ಯಾವಳೋ ನಿನ್ನ ಕಿವಿ ಮುಟ್ಟೋದು ನೆನೆಸ್ಕೊಂಡ್ರೆ ಇದಕ್ಕಿಂತ ಅಸಹ್ಯ ಆಗುತ್ತೆ. ನರ್ಸಾದ್ರೂ ಅಷ್ಟೇ."

ಅವಳ ಬಾಯಿಂದ 'ನಿನ್ನ' ಬಂದದ್ದು ಇಬ್ಬರಿಗೂ ಕೇಳಿಸಿತು. ಅವನು ನಗಲು ಹೋದ, ಹೊಲಿಗೆ ಜಗ್ಗಿ "ಅಯ್ಯೋ" ಎಂದ. ಆಮೇಲೆ ಗೋಡೆ ಬಿಟ್ಟು ಬಲಗಡೆಯನ್ನು ಅವಳ ಕಡೆ ತಿರುಗಿಸಿ ಕೂತ.

ಅವಳು ಕೈ ತೊಳೆದು ಬಂದು, ಮೂಗು ಸಿಂಡರಿಸಿಕೊಂಡೇ, ಪಟ್ಟಿ ಬಿಚ್ಚತೊಡಗಿದಳು.