ಎರಡನೇ ಚರಣದ ಗುನುಗು

ಗೌರಿ ಹಬ್ಬದ ಸಂಜೆ. ಮಾರೇನಹಳ್ಳಿಯ ನರಸಮ್ಮ ದೇವರಿಗೆ ದೀಪ ಹಚ್ಚಿ ನಡುಮನೆಗೆ ಬಂದರು. ಟಿ.ವಿ. ಪಕ್ಕದ ಸ್ಟೂಲಿನ ಮೇಲೆ ರಟ್ಟಿನ ಡಬ್ಬಿ ಬಾಯಿ ತೆರೆದು ಬಿದ್ದಿತ್ತು. ಒಳಗಿದ್ದ ಊಟದ ತಟ್ಟೆಯಗಲದ ಟೇಪಿನ ಸ್ಪೂಲು ಮಾಯವಾಗಿತ್ತು.

ಸಬ್ ಇನ್‌ಸ್ಪೆಕ್ಟರ್ ಮಾಲಾ ಬಂದರು. ಹಿಂದೆಯೇ ಕಾನ್‌ಸ್ಟೇಬಲ್ ಮುತ್ತುರಾಜ, ಮುಖ ಗಂಟಿಕ್ಕಿಕೊಂಡು.

"ಗಣೇಶನ ಬಂದೋಬಸ್ತ್ ಬಿಟ್ಟು ಹಳೇ ಟೇಪ್ ಹುಡುಕ್ಬೇಕಾ ಮೇಡಂ?"

"ಯಾವ ಹಾಡಿನ ಟೇಪ್ ಗೊತ್ತೇನ್ರೀ? 'ಬಾಗಿಲು ಹಾಕಿಲ್ಲ'."

ಮುತ್ತುರಾಜ ನೋಟ್‌ಬುಕ್ ತೆಗೆದ. ಆ ಹಾಡು ಗೊತ್ತಿಲ್ಲದವರು ಯಾರು? ಕ್ಯಾಸೆಟ್ ಕಾಲದ್ದು. ಸ್ಯಾಕ್ಸೊಫೋನ್, ನಿಧಾನದ ಡ್ರಮ್ಸು, ಹೋದವನು ಬಂದಾನೆಂದು ಬಾಗಿಲು ತೆರೆದಿಟ್ಟು ಕೂತ ಒಬ್ಬ ಹೆಂಗಸಿನ ಧ್ವನಿ. ಪೇಪರಿನವರು ಅದನ್ನು ಸೋಲ್ ಪಾಪ್ ಎಂಬ ವಿದೇಶಿ ಶೈಲಿ ಎಂದರು. ಜನ ಏನೂ ಅನ್ನಲಿಲ್ಲ, ಸುಮ್ಮನೆ ಅತ್ತರು. ಹಾಡಿದ ಲತಾ ರಾತ್ರೋರಾತ್ರಿ ಸ್ಟಾರ್ ಆದಳು. ಈ ವರ್ಷ ಸ್ಪಂದನ ಎಂಬ ಹುಡುಗಿ ಅದನ್ನೇ ಹೊಸದಾಗಿ ಹಾಡಿದ ಮೇಲೆ ಆಟೋದಿಂದ ಜಿಮ್ಮಿನವರೆಗೆ ಮತ್ತೆ ಅದೇ ಹಾಡು.

ಅದನ್ನು ರೆಕಾರ್ಡ್ ಮಾಡಿದ್ದು ನರಸಮ್ಮನ ಮಾವ ಅಂಜಿನಯ್ಯ. ಅವರು ತೀರಿಕೊಂಡ ಮೇಲೆ ಸ್ಪೂಲು ಅಟ್ಟದಲ್ಲೇ ಇತ್ತು. ಹೊಸ ಹಾಡನ್ನು ಮಾಡಿಸಿದ ಅರುಣ್ ಕುಮಾರ್‌ಗೆ ಅದು ಬೇಕಿತ್ತು. ನಾಳೆ ವಿಜಯನಗರದ ಗಣೇಶನ ಪೆಂಡಾಲಿನಲ್ಲಿ ಲತಾಗೆ ಸನ್ಮಾನ. ಸ್ಪೂಲಿನಲ್ಲಿ ಧ್ವನಿ ಬೇರೆ, ವಾದ್ಯ ಬೇರೆ ಇರುತ್ತದೆ. ವಾದ್ಯಗಳನ್ನು ನಿಲ್ಲಿಸಿ ಬರೀ ಧ್ವನಿಯನ್ನು ಜನರಿಗೆ ಕೇಳಿಸುವುದು ಅವನ ಆಸೆ.

"ಇವತ್ತು ಯಾರ್ಯಾರು ಬಂದಿದ್ರು?"

"ಅರುಣ್ ಬಂದು ನೋಡ್ಕೊಂಡು ಹೋದ್ರು. ಆಮೇಲೆ ಮಹದೇವ್ ಅವರು, ಹಾಡಿಗೆ ಮ್ಯೂಸಿಕ್ ಮಾಡಿದ್ರಲ್ಲ, ಅವ್ರು. ಟೇಪ್ ಯಾರಿಗೂ ಕೊಡ್ಬೇಡಿ ಅಂತ ಕೂಗಾಡಿದ್ರು. ಕೊನೇಗೆ ಲತಾ ಬಾಗಿನ ತಂದಿದ್ರು. ನಾನು ಕಾಫಿ ತರೋಕೆ ಒಳಗ್ ಹೋಗಿದ್ದೆ, ಅಷ್ಟೇ."

ಮೂಲೆಯಲ್ಲಿ ಇನ್ನೊಬ್ಬ ಹೆಂಗಸು ಕೂತಿದ್ದರು. ಕತ್ತಿನಲ್ಲಿ ಆಪರೇಷನ್ನಿನ ಗುರುತು. ಕಳುವಾದದ್ದು ನರಸಮ್ಮನ ಮನೆಯಲ್ಲಿ, ಅಳುತ್ತಿದ್ದವರು ಇವರು.

"ನೀವ್ಯಾರಮ್ಮಾ?"

"ವಿಮಲಾ ಅಂತ. ಬಾಪೂಜಿ ನಗರ." ಧ್ವನಿ ಬರೀ ಗಾಳಿಯಂತೆ ಬಂತು. "ಆ ಹಾಡಲ್ಲಿ ಕೋರಸ್ ಹಾಡಿದ್ದೆ. ನಾಳೆ ಗದ್ದಲದಲ್ಲಿ ಕೇಳ್ಸಲ್ಲ ಅಂತ ಇವತ್ತೇ ಬಂದೆ. ಒಂದೇ ಒಂದ್ ಸಲ ಕೇಳ್ಬೇಕಿತ್ತು. ಸಿಗುತ್ತಾ ಮೇಡಂ?"

ಕೋರಸ್ ಹಾಡಿದವರಿಗೆ ಇಷ್ಟೊಂದು ಹಂಬಲವೇ? ಮಾಲಾ ಕೇಳಲಿಲ್ಲ. ಆದರೆ ಮರೆಯಲೂ ಇಲ್ಲ.

*

ಎದುರು ಮನೆಯ ನಂಜುಂಡಪ್ಪನವರ ಗೇಟಿನಲ್ಲಿ ಕ್ಯಾಮೆರಾ ಇತ್ತು. ಬೆಳಿಗ್ಗೆ ಇಬ್ಬರೂ ಕೂತು ನೋಡಿದರು.

ಅರುಣ್ ಕುಮಾರ್ ಹೊರಗೆ ಬಂದ. ಕೈ ಖಾಲಿ. ಮಹದೇವ್ ಬಂದರು. ಹೆಗಲಲ್ಲಿ ಉದ್ದನೆಯ ಕೀಬೋರ್ಡ್ ಬ್ಯಾಗು. ಲತಾ ಬಂದಳು. ಮೊರದ ಬಾಗಿನ ಹಿಡಿದು, ಅದಕ್ಕೆ ಸೆರಗು ಹೊದಿಸಿ, ತಲೆ ತಗ್ಗಿಸಿ ನಡೆದಳು.

"ಆ ಬ್ಯಾಗಲ್ಲಿ ನಾಲ್ಕು ಸ್ಪೂಲ್ ಹಿಡಿಯುತ್ತೆ. ನಡೀರಿ ಮೇಡಂ, ಎತ್ತಾಕೊಂಡ್ ಬರೋಣ!" ಮುತ್ತುರಾಜ ಎದ್ದೇಬಿಟ್ಟ.

ಬಿನ್ನಿಪೇಟೆಯ ಮಹದೇವ್ ಮನೆಗೆ ಹೋಗುವ ದಾರಿಯಲ್ಲಿ ಜೀಪಿನ ರೇಡಿಯೊದಲ್ಲಿ ಸ್ಪಂದನ ಹಾಡುತ್ತಿದ್ದಳು. ಎರಡನೇ ಚರಣದ ಕೊನೆಯಲ್ಲಿ ಮಾತು ನಿಂತಿತು. ಬರೀ ಗುನುಗು. ಎದೆಯಿಂದ ಎದ್ದು ಗಂಟಲಲ್ಲೇ ಉಳಿದುಹೋದಂಥದ್ದು. ಮುತ್ತುರಾಜನೂ ಕಿಟಕಿಯ ಕಡೆ ತಿರುಗಿಬಿಟ್ಟ.

*

ಮಹದೇವ್ ಅವರ ಬ್ಯಾಗಿನಲ್ಲಿ ಕೀಬೋರ್ಡ್ ಬಿಟ್ಟರೆ ಒಂದು ನ್ಯಾಪ್ಕಿನ್ನೂ ಇರಲಿಲ್ಲ.

"ಟೇಪ್ ಕೊಡ್ಬೇಡಿ ಅಂದಿದ್ದು ಯಾಕೆ ಸಾರ್?"

"ಹಳೇದನ್ನ ಕೆದಕ್ಬಾರ್ದು."

"ಆಯ್ತು. ಆ ಗುನುಗು ನೀವು ಬರೆಸಿದ್ದಾ?"

ಮುದುಕರ ಮುಖ ಅರಳಿತು. ತಮ್ಮ ಹಾಡಿನ ಬಗ್ಗೆ ಕೇಳಿದರೆ ಯಾವ ಸಂಗೀತಗಾರ ಬಾಯಿ ಮುಚ್ಚಿಕೊಂಡಿರುತ್ತಾನೆ?

"ಇಲ್ಲಮ್ಮ. ರೆಕಾರ್ಡಿಂಗ್ ದಿನ ಬೆಳಿಗ್ಗೆ ಆ ಜಾಗಕ್ಕೆ ಸಾಲೇ ಇರ್ಲಿಲ್ಲ. ಕವಿಗಳು ಬರ್ಕೊಟ್ಟಿದ್ದೇ ಮಧ್ಯಾಹ್ನದ ಮೇಲೆ. 'ನೀ ಬಾರದಿದ್ದರೂ ಬಾಗಿಲು ನನ್ನದೇ' ಅಂತ."

"ಲತಾ ಹಾಡಿದ್ದು?"

"ಸಂಜೆ."

"ಸಂಜೆ ಹೊತ್ಗೆ ಸಾಲು ಕೈಯಲ್ಲಿತ್ತು. ಮತ್ತೆ ಹಾಡಲ್ಲಿ ಯಾಕಿಲ್ಲ?"

ಮಹದೇವ್ ಎದ್ದು ಫ್ಯಾನಿನ ಸ್ವಿಚ್ ಒತ್ತಿದರು. ಫ್ಯಾನು ಆಗಲೇ ತಿರುಗುತ್ತಿತ್ತು. ಅದು ನಿಂತುಹೋಯಿತು.

"ಬೆಳಿಗ್ಗೆ ಹಾಡಿದ್ದು ಬೇರೆಯವರು. ಅಲ್ವಾ ಸಾರ್?"

ಅವರು ಹೌದೆಂದು ತಲೆಯಾಡಿಸಿ, ನಡೆದದ್ದೆಲ್ಲ ಹೇಳಿದರು.

*

ಮಾಲಾ ನರಸಮ್ಮನಿಗೆ ಫೋನ್ ಮಾಡಿದರು. "ಲತಾಗೆ ನೀವು ಬಾಗಿನ ಕೊಟ್ರಾ?"

"ಇಲ್ಲಮ್ಮ, ಈ ಸಲ ನಾನು ಬಾಗಿನ ಕಟ್ಲೇ ಇಲ್ಲ. ಬರೀ ಕುಂಕುಮ, ತಾಂಬೂಲ ಕೊಟ್ಟೆ. ಅವರು ತಂದಿದ್ದು ದೇವರ ಮನೇಲೇ ಇದೆ."

ಬಸವೇಶ್ವರನಗರದ ಮನೆಯಲ್ಲಿ ಲತಾ ಸನ್ಮಾನಕ್ಕೆ ಉಡುವ ಸೀರೆಯನ್ನು ಮಂಚದ ಮೇಲೆ ಹರಡಿ ಸುಮ್ಮನೆ ಕೂತಿದ್ದಳು.

"ಲತಾ ಅವರೇ, ನಿನ್ನೆ ನೀವು ಎರಡು ಜೋಡಿ ಮೊರ ತಗೊಂಡ್ ಹೋಗಿದ್ರಿ. ಒಂದನ್ನ ಕೊಟ್ರಿ. ಇನ್ನೊಂದು ಖಾಲಿ ಜೋಡಿ. ನರಸಮ್ಮ ಕಾಫಿಗೆ ಒಳಗ್ ಹೋದಾಗ ಅದರಲ್ಲಿ ಸ್ಪೂಲ್ ಇಟ್ಟು ದಾರ ಸುತ್ತಿದ್ರಿ. ಗೌರಿ ಹಬ್ಬದ ದಿನ ಸೆರಗು ಮುಚ್ಚಿದ ಬಾಗಿನಾನ ಬಿಚ್ಚಿ ತೋರ್ಸಿ ಅಂತ ಯಾರು ಕೇಳ್ತಾರೆ? ಆದ್ರೆ ಬಾಗಿನ ಕಟ್ಟದ ಮನೆಯಿಂದ ಬಾಗಿನ ಹೊರಗೆ ಹೇಗ್ ಬರುತ್ತೆ?"

"ನನ್ ಹಾಡಿನ ಟೇಪ್ ನಾನ್ ಯಾಕೆ ಕದೀಲಿ?"

"ಅದು ನಿಮ್ಮ ಧ್ವನಿ ಅಲ್ಲ, ಅದಕ್ಕೆ. ಮುಖ್ಯ ಗಾಯಕಿ ಬರೋಕೆ ಮುಂಚೆ ಇನ್ನೊಬ್ರು ಹಾಡಿ ದಾರಿ ಮಾಡಿಡ್ತಾರೆ. ಟ್ರ್ಯಾಕ್ ಸಿಂಗರ್. ಸಾಲು ಇಲ್ಲದ ಕಡೆ ಅವರು ಗುನುಗಿದ್ರು. ಅವತ್ತು ಸಂಜೆ ನೀವು ಪೂರ್ತಿ ಸಾಲು ಹಾಡಿದ್ರಿ. ಕ್ಯಾಸೆಟ್ ಕಂಪನಿಯವ್ರು ಎರಡನ್ನೂ ಕೇಳಿ ಬೆಳಗಿಂದನ್ನೇ ಇಟ್ಕೊಂಡ್ರು. ನಿಮ್ಮ ಫೋಟೊ ಹಾಕಿದ ಕವರ್ ಆಗ್ಲೇ ಪ್ರಿಂಟ್ ಆಗಿತ್ತು. ಹಾಡು ಶುರುವಾಗೋ ಮುಂಚೆ ಅಂಜಿನಯ್ಯನವರು ಹಾಡೋರ ಹೆಸರು ಕೂಗ್ತಿದ್ರಂತೆ, ಮಹದೇವ್ ಹೇಳಿದ್ರು. ಅದೂ ಟೇಪಲ್ಲೇ ಇದೆ. ಇವತ್ತು ಸಂಜೆ ಪೆಂಡಾಲಲ್ಲಿ 'ವಿಮಲಾ, ರೆಡಿನಾ?' ಅಂತ ಎಲ್ಲರಿಗೂ ಕೇಳ್ಸೋದು."

ಲತಾ ಸೀರೆ ಮಡಿಸತೊಡಗಿದಳು. ಮಡಿಕೆ ಕೂಡಲಿಲ್ಲ. ಬಿಟ್ಟಳು.

"ಅದು ನಂದಲ್ಲ ಅಂತ ಒಂದಿನಾನೂ ಮರೆತಿಲ್ಲ ಮೇಡಂ. ಬಾತ್‌ರೂಮಲ್ಲಿ ಬಾಗ್ಲು ಹಾಕ್ಕೊಂಡು ಆ ಗುನುಗು ಎಷ್ಟ್ ಸಲ ಪ್ರಯತ್ನ ಮಾಡಿದೀನೋ. ಬರ್ಲೇ ಇಲ್ಲ. ಅದಕ್ಕೇ ಸ್ಟೇಜ್ ಬಿಟ್ಟೆ. ಗಂಟಲು ಹಾಳಾಗಿದೆ ಅಂತ ಸುಳ್ಳು ಹೇಳ್ದೆ." ಬೀರುವಿನಿಂದ ಮೊರ ತೆಗೆದಳು. "ಕತ್ತರಿ ಹಿಡ್ಕೊಂಡು ಕೂತಿದ್ದೆ. ಕೈ ಬರ್ಲಿಲ್ಲ."

"ವಿಮಲಮ್ಮನ ಗಂಟಲು ನಿಜವಾಗ್ಲೂ ಹೋಗಿದೆ. ಆಪರೇಷನ್."

ಲತಾ ತಲೆ ಎತ್ತಿದಳು. ಅವಳಿಗೆ ಅದು ಗೊತ್ತಿರಲಿಲ್ಲ. ಮೊದಲ ಸಲ ಅತ್ತಳು.

*

ಸಂಜೆ ಪೆಂಡಾಲಿನಲ್ಲಿ ಸನ್ಮಾನ ನಡೆಯಲಿಲ್ಲ. ಲತಾ ತಾನೇ ಮೈಕು ಹಿಡಿದು ಯಾಕೆಂದು ಹೇಳಿದಳು. ಜನ ಕೂಗಾಡಿದರು, ಆಮೇಲೆ ಸುಮ್ಮನಾದರು. ನರಸಮ್ಮ ದೂರು ವಾಪಸ್ ಪಡೆಯಲು ಮರುದಿನ ಸ್ಟೇಷನ್ನಿಗೆ ಬಂದರು. "ಬಾಗಿನ ಕೊಟ್ಟವಳನ್ನ ಜೈಲಿಗೆ ಹಾಕ್ಸಿದ್ರೆ ಗೌರಮ್ಮ ಮೆಚ್ತಾಳಾ?" ಎಂಬುದು ಅವರ ವಾದ. ಮಾಲಾ ಆ ವಾದವನ್ನು ಯಾವ ಸೆಕ್ಷನ್ನಿನಡಿ ಬರೆದರೋ, ನನಗಂತೂ ಗೊತ್ತಿಲ್ಲ.

ಅಂದು ಮಧ್ಯಾಹ್ನ ಅರುಣ್ ಕುಮಾರ್ ಸ್ಪೂಲ್ ಪ್ಲೇಯರನ್ನು ನರಸಮ್ಮನ ಮನೆಗೇ ಹೊತ್ತು ತಂದ. ವಾದ್ಯಗಳನ್ನೆಲ್ಲ ನಿಲ್ಲಿಸಿದ. ಟೇಪಿನಲ್ಲಿ ಅಂಜಿನಯ್ಯನವರು ಹೆಸರು ಕೂಗಿದರು. ಧ್ವನಿ ಬಂತು, ಎಳೆಯದು, ಒಂಟಿಯಾಗಿ. ಗುನುಗು ಬಂದಾಗ ವಿಮಲಮ್ಮನ ತುಟಿಗಳು ಆಡಿದವು. ಸದ್ದು ಹೊರಡಲಿಲ್ಲ.

"ಇಷ್ಟು ವರ್ಷ ಯಾಕಮ್ಮಾ ಸುಮ್ನಿದ್ರಿ?" ಮಾಲಾ ಕೇಳಿದರು.

"ಟ್ರ್ಯಾಕ್ ಹಾಡೋರ ಧ್ವನಿ ಅಳಿಸಿಹೋಗ್ಬೇಕಾದ್ದೇ ಮೇಡಂ. ನಂದು ಉಳೀತಲ್ಲ ಅನ್ನೋದೇ ಖುಷಿ ಇತ್ತು. ಆಪರೇಷನ್ ಆದ್ಮೇಲೇನೇ ಹಂಬಲ ಶುರುವಾಗಿದ್ದು. ಹಳೇ ಕ್ಯಾಸೆಟ್ಟಲ್ಲೆಲ್ಲಾ ನನ್ ಧ್ವನಿ ಕೇಳ್ಸುತ್ತೆ, ಬಾಯಲ್ಲಿ ಮಾತ್ರ ಇಲ್ಲ."

ಟೇಪು ಮುಗಿದು ಸ್ಪೂಲು ಬರಿದೇ ಸುತ್ತತೊಡಗಿತು. ಲತಾ ಹೊಸ್ತಿಲಾಚೆಯೇ ನಿಂತಿದ್ದಳು. ವಿಮಲಮ್ಮ ಕೈಸನ್ನೆ ಮಾಡಿ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಅರುಣ್ ಕಡೆ ನೋಡಿದರು.

"ಇನ್ನೊಂದ್ ಸಲ ಹಾಕಪ್ಪ. ಈಗ ಬರೀ ಅತ್ತಿದ್ದೇ ಆಯ್ತು, ಕೇಳ್ಲೇ ಇಲ್ಲ."