ಕುಟುಂಬದವರು ಪತ್ತೆಯಾಗಿಲ್ಲ

ಶುಕ್ರವಾರ ಸಂಜೆ ಆರು ಗಂಟೆಯ ಸುಮಾರಿಗೆ ಠಾಣೆಗೆ ದೂರು ಬಂತು. ತಂದವನು ವೈದ್ಯಕೀಯ ಕಾಲೇಜಿನ ಮನೋವೈದ್ಯ ವಿಭಾಗದ ಕಿರಿಯ ಡಾಕ್ಟರು. ವಿಭಾಗದ ಮುಖ್ಯಸ್ಥರಾದ ಪ್ರೊಫೆಸರ್ ಹಿಂಬದಿಯ ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದಿದ್ದಾರೆ, ಕಾಲು ಜಾರಿರಬೇಕು ಎಂದು ಅದರಲ್ಲಿತ್ತು. ಇನ್‌ಸ್ಪೆಕ್ಟರ್ ಅಸಹಜ ಸಾವಿನ ಪ್ರಕರಣ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್‌ನನ್ನು ಕರೆದುಕೊಂಡು ಹೊರಟ. ಠಾಣೆಯವರು ಆತನನ್ನು ದಫೇದಾರಣ್ಣ ಎಂದೇ ಕರೆಯುತ್ತಿದ್ದರು.

ಮೆಟ್ಟಿಲು ಇಕ್ಕಟ್ಟಾಗಿತ್ತು. ಫಿನಾಯಿಲ್ ವಾಸನೆ. ಸಿಬ್ಬಂದಿ ಬಿಟ್ಟು ಬೇರೆ ಯಾರೂ ಅಲ್ಲಿ ಓಡಾಡುವುದಿಲ್ಲವಂತೆ. ಪ್ರೊಫೆಸರ್ ಮಗ್ಗುಲಾಗಿ ಬಿದ್ದಿದ್ದರು. ತಲೆಯ ಹಿಂಭಾಗ ಗೋಡೆಯ ಮೂಲೆಗೆ ಬಡಿದಿತ್ತು. ದಫೇದಾರಣ್ಣ ಟಾರ್ಚು ಹಿಡಿದು ಒಂದೊಂದೇ ಮೆಟ್ಟಿಲು ನೋಡುತ್ತಾ ಮೇಲಕ್ಕೆ ಹೋದ.

"ಸಾರ್, ಇಲ್ಲಿ ಬನ್ನಿ."

ತೀರಾ ಮೇಲಿನ ಮೆಟ್ಟಿಲಿನಲ್ಲಿ ಬಿಳಿ ಕೋಟಿನ ಗುಂಡಿಯೊಂದು ಬಿದ್ದಿತ್ತು. ಬಟ್ಟೆಯ ಚೂರು ಸಮೇತ ಕಿತ್ತು ಬಂದಿತ್ತು.

"ಕಾಲು ಜಾರಿದೋನ ಗುಂಡಿ ಕಿತ್ತು ಬರಲ್ಲ," ಎಂದ ಇನ್‌ಸ್ಪೆಕ್ಟರ್.

ಪಂಚರ ಎದುರು ಪಂಚನಾಮೆ ಆಯಿತು. ಗುಂಡಿಯನ್ನು ಲಕೋಟೆಗೆ ಹಾಕಿ ಸೀಲು ಮಾಡಿದರು. ಮರುದಿನ ಶವಪರೀಕ್ಷೆ ನಡೆಸಿದ ಡಾಕ್ಟರು, ಎದೆಯ ಮೇಲೆ ಅಂಗೈ ಅಗಲದ ಎರಡು ಕಂದಿದ ಗುರುತುಗಳಿವೆ, ಬಿದ್ದ ಮೇಲೂ ಸ್ವಲ್ಪ ಹೊತ್ತು ಜೀವವಿತ್ತು ಎಂದು ಬರೆದರು. ಕೊಲೆ ಎಂದು ಎಫ್‌ಐಆರ್ ಆಯಿತು.

ಮೊದಲ ಅನುಮಾನ ದೂರು ಕೊಟ್ಟವನ ಮೇಲೇ ಬಿತ್ತು. ಆ ವಾರ ಅವನು ಪ್ರೊಫೆಸರ್ ಕೋಣೆಯಲ್ಲಿ ಏರುದನಿಯಲ್ಲಿ ಜಗಳವಾಡಿದ್ದನ್ನು ವಾರ್ಡಿನ ನರ್ಸ್ ಹೇಳಿದ್ದಳು.

"ಯಾಕೆ ಜಗಳ?"

"ಒಂದು ಲೇಖನದ ವಿಷ್ಯಕ್ಕೆ ಸಾರ್. ಮನೋವೈದ್ಯ ಶಿಕ್ಷಣದ ಪತ್ರಿಕೆಗೆ ಕಳಿಸಿದ್ರು. ಅದರಲ್ಲಿ ನನ್ನ ಹೆಸರು ತೆಗೆದು ಹಾಕಿದ್ರು."

"ಹೆಸರಿಗೋಸ್ಕರ ಇಷ್ಟೊಂದಾ?"

"ಹೆಸರು ಹೋದ್ರೆ ಹೋಗ್ಲಿ ಸಾರ್. ಯಾಕೆ ತೆಗೆದ್ರು ಅನ್ನೋದು ಮುಖ್ಯ." ಅವನು ತುಟಿ ಕಚ್ಚಿಕೊಂಡ. "ನಮ್ಮ ತಪ್ಪಿಂದ ಒಬ್ಬಳು ರೋಗಿ ಸತ್ತಿದ್ಲು. ಅದನ್ನೇ ಪಾಠವಾಗಿ ಬರೆದ್ರು. ಬರೀರಿ, ಆದ್ರೆ ಮೊದಲು ಅವರ ಮನೆಯವರಿಗೆ ನಿಜ ಹೇಳೋಣ ಅಂದೆ. ಅದಕ್ಕೆ ಸಿಟ್ಟು."

ಘಟನೆಯ ಹೊತ್ತಿಗೆ ಅವನು ಹೆಂಗಸರ ವಾರ್ಡಿನಲ್ಲಿದ್ದ. ಒಬ್ಬರಲ್ಲ, ನಾಲ್ಕು ಜನ ನೋಡಿದ್ದರು. ಅವನನ್ನು ಬಿಟ್ಟು ಕಳಿಸಿದರು.

ಪ್ರೊಫೆಸರ್ ಮೊಬೈಲಿಗೆ ಕೊನೆಯ ಕರೆ ಬಂದಿದ್ದು ಶುಕ್ರವಾರ ಮಧ್ಯಾಹ್ನ. ಅವರ ಫೋನಿನಲ್ಲಿ ಆ ನಂಬರಿಗೆ ಹೆಸರಿರಲಿಲ್ಲ. ನಂಬರು ಯಾರದೆಂದು ಕಂಪನಿಯಿಂದ ತಿಳಿಯಲು ಸೋಮವಾರದವರೆಗೆ ಕಾಯಬೇಕಿತ್ತು. ಅಷ್ಟರಲ್ಲಿ ಲೇಖನವನ್ನೇ ನೋಡೋಣವೆಂದು ಇನ್‌ಸ್ಪೆಕ್ಟರ್ ಪತ್ರಿಕೆಯ ಕಚೇರಿಗೆ ಹೋದ. ಎರಡು ಕೋಣೆ, ಮೂರು ಕಂಪ್ಯೂಟರ್, ಕಿಟಕಿಯವರೆಗೆ ಹಳೆಯ ಸಂಚಿಕೆಗಳು. ಸಂಪಾದಕಿ ನಿವೃತ್ತ ಮನೋವೈದ್ಯೆ. ಕನ್ನಡಕ ಏರಿಸಿ, ಆತ ತೋರಿಸಿದ ನಂಬರನ್ನು ನೋಡಿದವಳೇ ಹುಬ್ಬು ಗಂಟಿಕ್ಕಿದಳು.

"ಇದು ನಮ್ಮ ಕಾಪಿ ಎಡಿಟರ್ ನಂಬರು. ಮನೇಲಿ ಕೂತು ಭಾಷೆ ತಿದ್ದಿ ಕೊಡ್ತಾರೆ. ಆದ್ರೆ ಅವರು ಲೇಖಕರಿಗೆ ಫೋನ್ ಮಾಡೋ ಹಾಗೇ ಇಲ್ಲ. ಏನಿದ್ರೂ ಪ್ರಶ್ನೆ ಬರೆದು ನಮಗೆ ಕಳಿಸ್ಬೇಕು, ಉತ್ತರಾನೂ ನಮ್ಮ ಮೂಲಕವೇ ಹೋಗ್ಬೇಕು."

"ಪ್ರೊಫೆಸರ್ ಲೇಖನಾನೂ ಅವರೇ ತಿದ್ದಿದ್ರಾ?"

"ಹೌದು. ಪರಾಮರ್ಶಕರಿಬ್ಬರೂ ತುಂಬಾ ಮೆಚ್ಚಿದ್ರು. ಇಷ್ಟು ಪ್ರಾಮಾಣಿಕ ಲೇಖನ ಅಪರೂಪ ಅಂದಿದ್ರು."

ಅವಳು ಪರದೆಯನ್ನು ಇನ್‌ಸ್ಪೆಕ್ಟರ್ ಕಡೆ ತಿರುಗಿಸಿದಳು. ಆತ ಓದತೊಡಗಿದ. ರೋಗಿಯ ವಯಸ್ಸು ಬದಲಾಯಿಸಿ, ಊರು ತೆಗೆದು, ಹೆಣ್ಣನ್ನು ಗಂಡು ಮಾಡಿ ಬರೆದಿದ್ದರು. ಮನೆಗೆ ಕಳಿಸುವ ದಿನ ಬೆಳಿಗ್ಗೆ ರೋಗಿ ಕಲಿಯುತ್ತಿದ್ದ ಡಾಕ್ಟರಿಗೆ ಒಂದು ಮಾತು ಹೇಳಿದ್ದ: "ಅಮ್ಮ ನನ್ನ ಮಾತಿಗೂ ಅಲ್ಪವಿರಾಮ ಹಾಕ್ತಾಳೆ. ಪೂರ್ಣವಿರಾಮ ನಾನೇ ಹಾಕ್ಕೋತೀನಿ." ಆ ಡಾಕ್ಟರು ಅದನ್ನು ಹಿರಿಯರಿಗೆ ತಿಳಿಸಿದ್ದರೂ ಅವರು ತಮಾಷೆಯೆಂದುಕೊಂಡು, ಹಾಸಿಗೆಗಳ ಕೊರತೆಯಿಂದಾಗಿ ಮನೆಗೆ ಕಳಿಸಿದ್ದರು. ವಾರದೊಳಗೆ ರೋಗಿ ಪ್ರಾಣ ಕಳೆದುಕೊಂಡ. ಮನೆಯವರು ಮಾತ್ರೆ ತಪ್ಪಿಸಿರಬೇಕೆಂದು ಆಗ ಭಾವಿಸಲಾಗಿತ್ತು. ಆದರೆ ರಕ್ತದಲ್ಲಿ ಔಷಧ ಸರಿಯಾದ ಪ್ರಮಾಣದಲ್ಲೇ ಇತ್ತು ಎಂದು ನಂತರದ ವರದಿ ತಿಳಿಸಿತು.

ಅಂಚಿನಲ್ಲಿ ಕಾಪಿ ಎಡಿಟರ್ ಪ್ರಶ್ನೆ ಇತ್ತು: ರೋಗಿಯ ಕುಟುಂಬದ ಒಪ್ಪಿಗೆ ಪಡೆಯಲಾಗಿದೆಯೇ?

ಕೆಳಗೆ ಪ್ರೊಫೆಸರ್ ಉತ್ತರ: ಪ್ರಯತ್ನಿಸಲಾಯಿತು. ಕುಟುಂಬದವರು ಪತ್ತೆಯಾಗಿಲ್ಲ.

ಇನ್‌ಸ್ಪೆಕ್ಟರ್ ಕಿರಿಯ ಡಾಕ್ಟರಿಗೆ ಫೋನ್ ಮಾಡಿದ.

"ಆ ಹುಡುಗಿ ತಾಯಿ ಏನು ಕೆಲಸ ಮಾಡ್ತಿದ್ರು?"

"ಸರಿಯಾಗಿ ಗೊತ್ತಿಲ್ಲ ಸಾರ್. ಆಸ್ಪತ್ರೆಗೆ ಓಡಾಡ್ತಿದ್ದೋರು ತಂದೆ. ತಾಯಿ ಏನೋ ಬರಹ ತಿದ್ದೋ ಕೆಲ್ಸದಲ್ಲಿದ್ದಾರೆ ಅಂತ ಹುಡುಗಿ ಹೇಳಿದ ನೆನಪು."

ಮಧ್ಯಾಹ್ನ ಮಹಿಳಾ ಕಾನ್‌ಸ್ಟೇಬಲ್‌ಳನ್ನು ಜೊತೆಗೆ ಕರೆದುಕೊಂಡು ಇನ್‌ಸ್ಪೆಕ್ಟರ್, ದಫೇದಾರಣ್ಣ ಇಬ್ಬರೂ ಆ ಕಾಪಿ ಎಡಿಟರ್ ಮನೆಗೆ ಹೋದರು. ಮಹಡಿಯ ಮೇಲಿನ ಚಿಕ್ಕ ಮನೆ. ಬಾಗಿಲು ತೆರೆದ ಹೆಂಗಸು ಅವರ ಸಮವಸ್ತ್ರ ನೋಡಿ ಪಕ್ಕಕ್ಕೆ ಸರಿದಳು. ಮೇಜಿನ ಮೇಲೆ ಕಂಪ್ಯೂಟರ್ ಆರಿತ್ತು.

"ಎಷ್ಟು ವರ್ಷದಿಂದ ಇಲ್ಲಿದ್ದೀರಿ?" ಎಂದ ಇನ್‌ಸ್ಪೆಕ್ಟರ್.

"ಮಗಳು ಹುಟ್ಟೋಕೆ ಮುಂಚಿನಿಂದ. ಆಸ್ಪತ್ರೆ ಕಾಗದದಲ್ಲೂ ಇದೇ ವಿಳಾಸ."

"ಶುಕ್ರವಾರ ಪ್ರೊಫೆಸರನ್ನ ನೋಡಿದ್ರಾ?"

"ಫೋನ್ ಮಾಡಿ ಹೋದೆ. ಮನೆಗೆ ಹೊರಟಿದ್ರು, ಹಿಂದಿನ ಮೆಟ್ಟಿಲ ಹತ್ರ ಸಿಕ್ಕಿದ್ರು. ನಾನು ಇಂಥವಳ ತಾಯಿ ಅಂದೆ. ಗುರುತು ಸಿಗ್ಲಿಲ್ಲ. ಮಗಳ ಆ ಅಲ್ಪವಿರಾಮದ ಮಾತು ಹೇಳಿದ ಮೇಲೆ ಸಿಕ್ತು."

"ಏನಂದ್ರು?"

"'ಹೆಸರೆಲ್ಲ ಬದಲಾಯಿಸಿದೀನಲ್ಲಮ್ಮ, ನಿಮಗೇನು ತೊಂದರೆ?' ಅಂದ್ರು. ಪತ್ತೆಯಾಗಿಲ್ಲ ಅಂತ ಯಾಕೆ ಬರೆದ್ರಿ ಅಂದೆ. ಅದು ಬರೀ ನಿಯಮಕ್ಕೆ ಬರೆಯೋದು ಅಂದು ಇಳಿಯೋಕೆ ಹೊರಟ್ರು. ಕೋಟು ಹಿಡ್ಕೊಂಡೆ. ಕೊಸರಿಕೊಂಡು ತಿರುಗಿದ್ರು. ಎರಡೂ ಕೈಯಲ್ಲಿ ತಳ್ಳಿಬಿಟ್ಟೆ."

"ಬಿದ್ದ ಮೇಲೆ?"



"ಉಸಿರಾಡ್ತಿದ್ರು. ನಾನು ಕೂಗಿದ್ರೆ ಯಾರಾದ್ರೂ ಬರ್ತಿದ್ರು. ಕೂಗ್ಲಿಲ್ಲ."

ಮಹಿಳಾ ಕಾನ್‌ಸ್ಟೇಬಲ್ ಮುಖ ತಿರುಗಿಸಿಕೊಂಡಳು. ಇನ್‌ಸ್ಪೆಕ್ಟರ್ ದಸ್ತಗಿರಿಯ ವಿಷಯ ತಿಳಿಸಿ, ಯಾರಿಗೆ ಹೇಳಬೇಕೆಂದು ಕೇಳಿದ.

"ನನ್ನ ಗಂಡನಿಗೆ. ಬೇರೆ ಮನೇಲಿದ್ದಾರೆ. ನಾನೇ ಹೊರಗೆ ಹಾಕಿದ್ದು. ಮಾತ್ರೆ ಕೊಡೋ ಹೊಣೆ ಅವರದಾಗಿತ್ತು. ನೀವು ತಪ್ಪಿಸಿದ್ರಿ, ಅದಕ್ಕೇ ಹೀಗಾಯ್ತು ಅಂತ ಡಾಕ್ಟರ್ ಹೇಳಿದ್ರು, ನಾನು ನಂಬಿದೆ. ಎರಡು ವರ್ಷ ಅವರ ಮುಖ ನೋಡಿಲ್ಲ." ಚಪ್ಪಲಿ ಹಾಕಿಕೊಳ್ಳುತ್ತಾ ಅವಳು ಮತ್ತೆ ಹೇಳಿದಳು: "ಲೇಖನ ತಿದ್ದಿ ಕಳಿಸಿಬಿಟ್ಟಿದೀನಿ ಸಾರ್. ಅದನ್ನ ನಿಲ್ಲಿಸ್ಬೇಡಿ ಅಂತ ಹೇಳಿ. ಓದಿದ ಒಬ್ಬ ಡಾಕ್ಟರಾದ್ರೂ ಮಕ್ಕಳ ಮಾತು ಕೇಳಿಸ್ಕೊಳ್ಳಲಿ."

ಮರುದಿನ ಬೆಳಿಗ್ಗೆ ಗಂಡ ಠಾಣೆಗೆ ಬಂದ. ಬಸ್ ಡಿಪೋದ ಮೆಕ್ಯಾನಿಕ್. ಉಗುರಿನ ಸಂದಿಯಲ್ಲಿ ಗ್ರೀಸು. ಹೇಳಿಕೆ ಪಡೆಯುವ ಮೊದಲು ಇನ್‌ಸ್ಪೆಕ್ಟರ್ ಲೇಖನದ ಆ ಪುಟವನ್ನು ಅವನ ಮುಂದಿಟ್ಟು, ರಕ್ತಪರೀಕ್ಷೆಯ ಸಾಲು ತೋರಿಸಿದ. ಅವನು ಬೆರಳಿಟ್ಟು ನಿಧಾನವಾಗಿ ಓದಿದ. ಇನ್ನೊಮ್ಮೆ ಓದಿದ.

"ಕೊಟ್ಟಿದ್ದೆ ಸಾರ್," ಎಂದ. "ದಿನಾ ಎದುರಿಗೆ ನಿಂತು ನುಂಗಿಸಿದ್ದೆ. ಆದ್ರೆ ಡಾಕ್ಟರು, ಇವಳು, ನೆಂಟರು, ಎಲ್ಲರೂ ಕೊಟ್ಟಿಲ್ಲ ಅಂತ ಹೇಳ್ತಾ ಹೋದ್ರು. ಕೊನೆಗೆ ನನಗೇ ನನ್ನ ನೆನಪಿನ ಮೇಲೆ ನಂಬಿಕೆ ಹೋಯ್ತು. ಎಲ್ಲೋ ಒಂದು ದಿನ ಮರೆತೆ ಅಂತಲೇ ಅಂದ್ಕೊಂಡಿದ್ದೆ."

ದಫೇದಾರಣ್ಣ ನೀರು ತಂದುಕೊಟ್ಟ. ಅವನು ಕುಡಿಯಲಿಲ್ಲ.

ವರದಿಯಲ್ಲಿ ಕೊಲೆಯ ಉದ್ದೇಶ ಬರೆಯುವಲ್ಲಿ ಇನ್‌ಸ್ಪೆಕ್ಟರ್ ಮೊದಲು "ಹಠಾತ್ ಕೋಪ" ಎಂದು ಬರೆದ. ಅದನ್ನು ಹೊಡೆದುಹಾಕಿ, ಮಗಳ ಸಾವಿನ ಕಾರಣವನ್ನು ಆಸ್ಪತ್ರೆ ಪರರಿಗೆ ಪಾಠವಾಗಿ ಹೇಳಿ ಹೆತ್ತವರಿಂದ ಮುಚ್ಚಿಟ್ಟಿದ್ದು ಎಂದು ಬರೆದ. ನ್ಯಾಯಾಲಯದಲ್ಲಿ ಇದರಿಂದ ಏನೂ ಬದಲಾಗದೆಂದು ಅವನಿಗೆ ತಿಳಿದಿತ್ತು.

ಜೀಪು ಹೊರಡುವ ಮೊದಲು ಗಂಡಹೆಂಡಿರಿಗೆ ಸ್ವಲ್ಪ ಸಮಯ ಕೊಟ್ಟರು. ಅವಳು ಬಾಗಿಲಲ್ಲೇ ನಿಂತು ಏನೋ ಹೇಳಲು ಬಾಯಿ ತೆರೆದಳು.

"ಬಾ, ಮೊದಲು ಕೂತ್ಕೋ," ಎಂದು ಅವನು ಬೆಂಚಿನ ಮೇಲೆ ಸರಿದು ಜಾಗ ಮಾಡಿದ.